ಕೋಲಾರ ಸೀಮೆಯ ಖಾನೇಷುಮಾರಿಯೂ ಉತ್ತರ ಹೇಳುವ ಹೊಣೆಯೂ

ಜನರನ್ನು ಎಣಿಸುವ ಪದ್ಧತಿಯು ಆಂಗ್ಲರೊಡನೆ ಈ ದೇಶಕ್ಕೆ ಬಂದುದೆಂದು ಅನೇಕರು ಭಾವಿಸಿರುವರು. ಇದು ಅರ್ಧಸತ್ಯವು. ಗೋಪನೆಂಬ ಅಧಿಕಾರಿಯು ಐದು ಅಥವಾ ಹತ್ತು ಗ್ರಾಮಗಳ ಮನೆಗಳನ್ನೂ, ಮನೆಮನೆಯ ಆಬಾಲವೃದ್ಧರನ್ನೂ, ಅವರ ವೃತ್ತಿ ಆಯ ವ್ಯಯಗಳನ್ನೂ ಬರೆದಿಡಬೇಕೆಂಬ ವಿಧಿಯು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಇದೆ. ಆದರೆ ಆ ಲೆಕ್ಕವು ಮುಖ್ಯವಾಗಿ ಕರಕ್ಕಾಗಿ ಇದ್ದಿತು. ಗೋಪನು ಬರೆದುದು ನಿಜವೋ ಸುಳ್ಳೋ ಎಂದು ಪರೀಕ್ಷಿಸುವುದಕ್ಕೆ ಗೃಹಸ್ಥರ ವೇಷದ ಚಾರರನ್ನು ಕಳುಹಿಸಬೇಕೆಂದೂ ಅದೇ ಗ್ರಂಥವು ವಿಧಿಸುತ್ತದೆ. ಉತ್ತರ ಹೇಳಿದ ಬಡ ಒಕ್ಕಲಿಗನಿಗೆ ಅಲ್ಲಿ ಯಾವ ರಕ್ಷೆಯೂ ಕಾಣದು. ಹೀಗಿರಲು, ಖಾನೇಷುಮಾರಿಯೆಂದರೆ ಹೊಸ ಕಂದಾಯದ ಮುನ್ಸೂಚನೆಯೆಂದು ಹಳ್ಳಿಯ ಜನರು ಅಂಜಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ?

ಮೈಸೂರು ಸೀಮೆಯಲ್ಲಿ ಕ್ರಮವಾದ ಜನಗಣತಿಯು 1871ರಲ್ಲಿ ನಡೆಯಿತು. ಎರಡನೆಯದು 1881ನೆಯ ಫೆಬ್ರವರಿ 17ರ ರಾತ್ರಿ. ಚಾಮರಾಜೇಂದ್ರ ಒಡೆಯರವರಿಗೆ ರಾಜ್ಯವು ಹಿಂದಿರುಗುವುದಕ್ಕೆ ಐದು ವಾರಗಳ ಮುನ್ನ. ಮೊದಲನೆಯ ಗಣತಿಯಲ್ಲಿ 50,55,412 ಆಗಿದ್ದ ಜನಸಂಖ್ಯೆಯು ಎರಡನೆಯದರಲ್ಲಿ 41,86,188ಕ್ಕೆ ಇಳಿದಿದ್ದಿತು. ನಡುವೆ ಬಂದುದು ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮ. ಕೆರೆಗಳನ್ನೇ ನಂಬಿ ಬದುಕುವ ಕೋಲಾರ ಸೀಮೆಯು ಆ ಕ್ಷಾಮದಲ್ಲಿ ಬಹಳವಾಗಿ ನೊಂದಿತು. ಎಂಟು ಲಕ್ಷಕ್ಕೂ ಮಿಕ್ಕ ಜನರು ಕಡಿಮೆಯಾದರೆಂಬುದು ಯಾವ ಶಾಸನದಿಂದಲೂ ತಿಳಿದುದಲ್ಲ. ಉಳಿದವರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ಮನೆಯಲ್ಲಿ ಇಂತಿಷ್ಟು ಮಂದಿ ಇರುವೆವೆಂದು ಹೇಳಿದುದರಿಂದಲೇ ತಿಳಿದುದು. ಖಾನೇಷುಮಾರಿಯ ಪ್ರಯೋಜನವನ್ನು ಕೇಳುವವರಿಗೆ ಈ ಎರಡು ಅಂಕಿಗಳನ್ನು ತೋರಿಸಿದರೆ ಸಾಕು.

ಆದರೆ ಜನರು ಹೇಳಿದುದು ಒಂದು, ಕಚೇರಿಯಲ್ಲಿ ವಿಂಗಡಿಸಿದುದು ಇನ್ನೊಂದು ಎಂಬ ವ್ಯಾಜ್ಯವೂ ಆ ಕಾಲದಲ್ಲಿಯೇ ಹುಟ್ಟಿತು. 1871 ಮತ್ತು 1881ರ ಗಣತಿಗಳಲ್ಲಿ ಲಿಂಗವಂತರನ್ನು ಶೂದ್ರವರ್ಗದಲ್ಲಿ ಸೇರಿಸಲಾಗಿದ್ದಿತು. ಇದಕ್ಕೆ ಸಮಾಜದವರು ಬಲವಾದ ಆಕ್ಷೇಪಣೆಯನ್ನು ಎತ್ತಿದರು. ಇಷ್ಟಲಿಂಗವನ್ನು ಧರಿಸಿದವನು ತನ್ನನ್ನು ಲಿಂಗವಂತನೆಂದೇ ಹೇಳಿದ್ದನು. ವರ್ಣದ ಹೆಸರನ್ನು ಅವನಿಗೆ ಅಂಟಿಸಿದುದು ಪಟ್ಟಿಯನ್ನು ಕಟ್ಟಿದವರ ಕೈ. ಉತ್ತರ ಹೇಳುವ ಹೊಣೆಯನ್ನು ಕುರಿತು ವಿಚಾರಮಾಡುವಾಗ ಈ ಭೇದವನ್ನು ಮರೆಯಕೂಡದು.

1931ರ ಮೈಸೂರು ಗಣತಿಯನ್ನು ನಡೆಯಿಸಿ ಅದರ ವರದಿಯನ್ನು ಬರೆದವರು ಮಾಲೂರು ತಾಲ್ಲೂಕಿನ ಮಾಸ್ತಿಯ ವೆಂಕಟೇಶ ಅಯ್ಯಂಗಾರ್ಯರು. ಶ್ರೀನಿವಾಸರೆಂಬ ಹೆಸರಿನಿಂದ ಸಣ್ಣ ಕಥೆಗಳನ್ನು ಬರೆದ ಆ ಮಹನೀಯರೇ ಇವರು. ಇವರು ಹುಟ್ಟಿದುದು 1891ನೆಯ ಜೂನ್ ತಿಂಗಳಲ್ಲಿ. ಆ ವರ್ಷದ ಗಣತಿಯು ಫೆಬ್ರವರಿಯಲ್ಲಿಯೇ ಮುಗಿದಿದ್ದಿತು. ಒಂದು ಗಣತಿಗೆ ನಾಲ್ಕು ತಿಂಗಳು ತಡವಾಗಿ ಬಂದವರು ನಾಲ್ವತ್ತು ವರ್ಷಗಳ ಮೇಲೆ 65,57,302 ಮಂದಿಯನ್ನು ಎಣಿಸಿದ ಕಾರ್ಯಕ್ಕೆ ಮುಖ್ಯಾಧಿಕಾರಿಗಳಾದರು. ಆಗ ಎಣಿಕೆಯು ನಡೆಯುತ್ತಿದ್ದುದು ಒಂದೇ ರಾತ್ರಿ. 1931ರಲ್ಲಿ ಅದು ಫೆಬ್ರವರಿ 26ರ ರಾತ್ರಿಯಾಗಿದ್ದಿತು. ಆ ಹೊತ್ತಿನಲ್ಲಿ ಯಾರು ಯಾವ ಸೂರಿನ ಕೆಳಗಿದ್ದರೋ ಅವರಿಗೆ ಅಲ್ಲಿಯೇ ಲೆಕ್ಕ.

ಆಯಾ ಗಣತಿಗೆ ಆಯಾ ಕಾಲದಲ್ಲಿ ಕಾನೂನು ಮಾಡುವ ಹಳೆಯ ಪದ್ಧತಿಯು ತಪ್ಪಿ, 1948ರಲ್ಲಿ ಸ್ಥಿರವಾದ ಜನಗಣತಿ ಅಧಿನಿಯಮವು ಹುಟ್ಟಿತು. ಅದರ ಎಂಟನೆಯ ಪ್ರಕರಣವೇ ಇಲ್ಲಿ ಮುಖ್ಯವಾದುದು. ರಾಜಪತ್ರದಲ್ಲಿ ಪ್ರಕಟವಾದ ಪ್ರಶ್ನೆಗಳನ್ನು ಗಣತಿದಾರನು ಕೇಳಬಹುದು. ಕೇಳಲ್ಪಟ್ಟ ಪ್ರತಿಯೊಬ್ಬನೂ ತನ್ನ ತಿಳಿವಳಿಕೆ ಅಥವಾ ನಂಬಿಕೆ ಇದ್ದಮಟ್ಟಿಗೆ ಉತ್ತರ ಕೊಡಲು ಕಾನೂನಿನಿಂದ ಬದ್ಧನು. ರಾಜಪತ್ರದಲ್ಲಿ ಇಲ್ಲದ ಪ್ರಶ್ನೆಗೆ ಈ ಬಂಧನವಿಲ್ಲ. ಇನ್ನು "ತಿಳಿವಳಿಕೆ ಅಥವಾ ನಂಬಿಕೆ ಇದ್ದಮಟ್ಟಿಗೆ" ಎಂಬ ಮಾತನ್ನು ಸೇರಿಸಿದವರು ಹಳ್ಳಿಯನ್ನು ಬಲ್ಲವರೆಂದೇ ತೋರುತ್ತದೆ. ಜಾತಕವಿಲ್ಲದ ಮುದುಕಿಯೊಬ್ಬಳು, ತಾನು ಇಂಥ ಬರದ ವರ್ಷದಲ್ಲಿ ಮೊಲೆಯುಣ್ಣುತ್ತಿದ್ದ ಕೂಸೆಂದು ತನ್ನ ತಾಯಿ ಹೇಳುತ್ತಿದ್ದಳು ಎಂದರೆ, ಅದೂ ಉತ್ತರವೇ.

ಅದೇ ಪ್ರಕರಣದಲ್ಲಿ ಇನ್ನೂ ಸೂಕ್ಷ್ಮವಾದ ವಿನಾಯಿತಿಯೊಂದುಂಟು. ತನ್ನ ಮನೆಯ ಹೆಂಗಸರ ಹೆಸರನ್ನು ಹೇಳುವ ಬಲವಂತವು ಯಾರಿಗೂ ಇಲ್ಲ. ಯಾವ ಸ್ತ್ರೀಯೂ ಇರುವ ಅಥವಾ ತೀರಿಹೋದ ಗಂಡನ ಹೆಸರನ್ನಾಗಲಿ, ಆಚಾರದಂತೆ ಉಚ್ಚರಿಸಬಾರದ ಬೇರೊಬ್ಬರ ಹೆಸರನ್ನಾಗಲಿ ಹೇಳಬೇಕಾದುದಿಲ್ಲ. "ಅವರ ಹೆಸರು ನಾನು ಹೇಗೆ ಹೇಳಲಿ, ಮಗನನ್ನು ಕೇಳಿ" ಎಂದು ಬಾಗಿಲ ಮರೆಗೆ ಸರಿಯುವ ಗೃಹಿಣಿಯು ಕಾನೂನನ್ನು ಮೀರಿದವಳಲ್ಲ. ಒಂಬತ್ತನೆಯ ಪ್ರಕರಣವೂ ಇದೇ ರೀತಿಯದು: ಮನೆಯ ಮೇಲೆ ಸಂಖ್ಯೆಯನ್ನು ಬರೆಯಗೊಡಬೇಕು, ಒಳಕ್ಕೆ ಬಿಡಬೇಕು, ಆದರೆ ದೇಶಾಚಾರಕ್ಕೆ ಒಪ್ಪುವಷ್ಟು ಮಾತ್ರ. ಜಗಲಿಯ ಮೇಲೆ ಕುಳಿತು ಮುಗಿಯುವ ಕೆಲಸಕ್ಕೆ ಅಡಿಗೆಮನೆಯ ದರ್ಶನವು ಬೇಕಿಲ್ಲವಷ್ಟೆ.

ಬೇಕೆಂದು ಸುಳ್ಳು ಹೇಳಿದವನಿಗೂ ಉತ್ತರ ನಿರಾಕರಿಸಿದವನಿಗೂ 1,000 ರೂಪಾಯಿಯವರೆಗೆ ಜುಲ್ಮಾನೆಯುಂಟು. ಆದರೆ ಅಸಭ್ಯವಾದ ಪ್ರಶ್ನೆಯನ್ನು ಕೇಳಿದ, ಸುಳ್ಳು ಲೆಕ್ಕವನ್ನು ಬರೆದ, ಅಥವಾ ಕೇಳಿ ತಿಳಿದುದನ್ನು ಅಪ್ಪಣೆಯಿಲ್ಲದೆ ಹೊರಗೆಡಹಿದ ಗಣತಿದಾರನಿಗೆ ಜುಲ್ಮಾನೆಯಲ್ಲದೆ ಮೂರು ವರ್ಷಗಳವರೆಗೆ ಸೆರೆವಾಸವೂ ಇದೆ. ಹೇಳುವವನಿಗಿಂತ ಕೇಳುವವನನ್ನೇ ಕಾನೂನು ಬಿಗಿಯಾಗಿ ಕಟ್ಟಿಹಾಕಿದೆ. ಗಣತಿಯ ಪುಸ್ತಕವನ್ನು ನೋಡುವ ಹಕ್ಕು ಯಾರಿಗೂ ಇಲ್ಲ. ಜಮೀನಿನ ವ್ಯಾಜ್ಯದಲ್ಲಾಗಲಿ ಪಾಲಿನ ದಾವೆಯಲ್ಲಾಗಲಿ ಅದು ಸಾಕ್ಷ್ಯವಾಗಲಾರದು. ಗೋಪನ ಕಾಲದ ಭಯಕ್ಕೆ ದೊರೆತ ಸಮಾಧಾನವಿದು.

ಮಾತೃಭಾಷೆಯ ಪ್ರಶ್ನೆಯು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಬಹಳ ತೂಕವುಳ್ಳದ್ದು. ಮುಳಬಾಗಿಲು ಹೆಸರಿನಲ್ಲಿಯೇ ಮೂಡಲ ಬಾಗಿಲು. ಅದರ ಆಚೆಗೆ ಆಂಧ್ರದೇಶವು. ಮಾಲೂರಿನ ತೆಂಕಲಿಗೆ ತಮಿಳುನಾಡು. ಮುಳಬಾಗಿಲು ಶ್ರೀನಿವಾಸಪುರಗಳ ಎಷ್ಟೋ ಮನೆಗಳಲ್ಲಿ ಒಲೆಯ ಮುಂದೆ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ತಾಯಿಯು ಬಾಲ್ಯದಲ್ಲಿ ಮಗುವಿನೊಡನೆ ಆಡಿದ ಭಾಷೆಯೇ ಮಾತೃಭಾಷೆಯೆಂಬುದು ಗಣತಿಯ ಲಕ್ಷಣವಾಕ್ಯ. ಬಲ್ಲ ಬೇರೆ ಎರಡು ಭಾಷೆಗಳಿಗೆ ಪ್ರತ್ಯೇಕವಾದ ಅಂಕಣವಿದೆ. ಆದುದರಿಂದ ತೆಲುಗನ್ನು ಮಾತೃಭಾಷೆಯೆಂದು ಬರೆಯಿಸಿದವನು ಕನ್ನಡಕ್ಕೆ ದ್ರೋಹ ಮಾಡಿದವನಲ್ಲ. ಅಭಿಮಾನದ ಭರದಲ್ಲಿ ತಾಯಿಯ ಭಾಷೆಯನ್ನು ಬದಲಾಯಿಸಿ ಹೇಳುವುದೇ ಕಾನೂನಿಗೆ ವಿರೋಧವಾದುದು. ತೆಲುಗಿನ ಬಳಕೆಯು ಇಷ್ಟಿದ್ದರೂ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೋಲಾರವು ಮೈಸೂರಿನಲ್ಲಿಯೇ ಉಳಿಯಿತು. ನಿಜವನ್ನು ಹೇಳಿದುದರಿಂದ ಕನ್ನಡಕ್ಕೆ ಏನೂ ನಷ್ಟವಾಗಲಿಲ್ಲ. ಧರ್ಮದ ಅಂಕಣದಲ್ಲಿಯೂ ಹಾಗೆಯೇ: ಗಣತಿದಾರನು ವಾದಮಾಡದೆ ಹೇಳಿದುದನ್ನು ಹೇಳಿದಂತೆ ಬರೆಯತಕ್ಕದ್ದು.

ಸಂಬಂಧವಿಲ್ಲದ ಜನರು ಒಟ್ಟಿಗೆ ವಾಸಿಸುವ ಆಶ್ರಮ, ವಿದ್ಯಾರ್ಥಿನಿಲಯ, ಸೆರೆಮನೆಗಳನ್ನು ಸಂಸ್ಥಾ ಕುಟುಂಬಗಳೆಂದು ಬೇರೆಯಾಗಿ ಎಣಿಸುವರು. ಪೂರ್ವಾಶ್ರಮವನ್ನು ತೊರೆದ ವಿರಕ್ತರೂ ಲೆಕ್ಕದಿಂದ ಹೊರಗಲ್ಲ. ಮನೆಯೇ ಇಲ್ಲದವರನ್ನು 2011ನೆಯ ಫೆಬ್ರವರಿ 28ರ ರಾತ್ರಿ ಎಣಿಸಿದರು. ಆ ಗಣತಿಯಲ್ಲಿ ಕೋಲಾರ ಜಿಲ್ಲೆಯ ಜನಸಂಖ್ಯೆಯು 15,36,401. ಚಿಕ್ಕಬಳ್ಳಾಪುರವು 2007ರಲ್ಲಿ ಪ್ರತ್ಯೇಕ ಜಿಲ್ಲೆಯಾದುದರಿಂದ ಹಿಂದಿನ ಅಂಕಿಗಳೊಡನೆ ಇದನ್ನು ನೇರವಾಗಿ ಹೋಲಿಸಲಾಗದು.

2025ನೆಯ ಸೆಪ್ಟೆಂಬರ್ 22ರಂದು ರಾಜ್ಯದ ಹಿಂದುಳಿದ ವರ್ಗಗಳ ಆಯೋಗದವರು 60 ಪ್ರಶ್ನೆಗಳ ಸಮೀಕ್ಷೆಯನ್ನು ಆರಂಭಿಸಿದಾಗ, ಅದೂ ಖಾನೇಷುಮಾರಿಯೇ ಎಂದು ಬಗೆದವರು ಹಲವರು. ಎರಡೂ ಒಂದಲ್ಲ. ಆ ತಿಂಗಳ 25ರಂದು ಕರ್ನಾಟಕ ಉಚ್ಚ ನ್ಯಾಯಾಲಯವು ಸಮೀಕ್ಷೆಯನ್ನು ತಡೆಯದೆ, ಉತ್ತರ ಕೊಡುವುದು ಜನರ ಇಚ್ಛೆಗೆ ಸೇರಿದುದೆಂದೂ, ಸಂಗ್ರಹಿಸಿದ ವಿವರಗಳು ಗುಪ್ತವಾಗಿರಬೇಕೆಂದೂ ಮಧ್ಯಂತರ ಆಜ್ಞೆಯನ್ನು ಮಾಡಿತು. 1948ರ ಅಧಿನಿಯಮದ ಗಣತಿಯಲ್ಲಿ ಈ ಇಚ್ಛೆಗೆ ಅವಕಾಶವಿಲ್ಲ. ಬಾಗಿಲಿಗೆ ಬಂದವರು ಯಾವ ಕಾನೂನಿನ ಮೇರೆಗೆ ಬಂದಿರುವರೆಂಬುದನ್ನು ಮೊದಲು ಕೇಳಿಕೊಳ್ಳುವುದು ಯುಕ್ತವು.

ಹಿಮಾವೃತ ಪ್ರದೇಶಗಳನ್ನುಳಿದು ದೇಶದ ಮುಂದಿನ ಗಣತಿಗೆ 2027ನೆಯ ಮಾರ್ಚ್ 1ರ ಸೊನ್ನೆ ಗಂಟೆಯನ್ನು ಲೆಕ್ಕದ ಮುಹೂರ್ತವೆಂದು 2025ನೆಯ ಜೂನ್ 16ರ ರಾಜಪತ್ರದಲ್ಲಿ ಪ್ರಕಟಿಸಿರುವರು. 1951ರಿಂದ 2011ರವರೆಗೆ ಪರಿಶಿಷ್ಟ ಜಾತಿ ಮತ್ತು ಪಂಗಡಗಳವರನ್ನು ಬಿಟ್ಟು ಉಳಿದವರ ಜಾತಿಯನ್ನು ಕೇಳುತ್ತಿರಲಿಲ್ಲ. ಈ ಬಾರಿ ಎಲ್ಲರ ಜಾತಿಯನ್ನೂ ಕೇಳುವುದೆಂದು ಕೇಂದ್ರ ಸರಕಾರವು ನಿಶ್ಚಯಿಸಿದೆ. ಹೆಸರನ್ನು ಹೇಳುವ ಹೊಣೆಯು ಮನೆಯವನದು. ಹೇಳಿದ ಹೆಸರುಗಳನ್ನು ಯಾವ ಯಾವ ಗುಂಪಿಗೆ ಸೇರಿಸುವರೆಂಬುದು, 1881ರಲ್ಲಿ ಹೇಗೋ ಹಾಗೆಯೇ, ಕಚೇರಿಗೆ ಬಿಟ್ಟ ವಿಷಯವಾಗಿ ಉಳಿದಿದೆ.