ಹಣತೆಯಿಂದ ಕೊಳವೆಯವರೆಗೆ: ಕುಗ್ಗುತ್ತ ಬಂದ ಇಂಗಾಲದ ಸರಪಳಿ

ಧನುರ್ಮಾಸದ ಬೆಳಗ್ಗೆ ಅರಸೀಕೆರೆಯ ಮನೆಗಳಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಬಗ್ಗಿಸಿದರೆ ಒಂದು ತೊಟ್ಟೂ ಬೀಳುವುದಿಲ್ಲ. ಒಲೆಯ ಪಕ್ಕದಲ್ಲೋ ಬಿಸಿಲಿನಲ್ಲೋ ಇಟ್ಟು ಕರಗಿಸಿಕೊಳ್ಳಬೇಕು. ಅದೇ ಚಳಿಯಲ್ಲಿ ಹೊಂಗೆ ಎಣ್ಣೆ ಹರಿಯುತ್ತಲೇ ಇರುತ್ತದೆ. ಎರಡೂ ಇದೇ ಸೀಮೆಯ ಮರಗಳು ಕೊಟ್ಟ ಎಣ್ಣೆ. ವ್ಯತ್ಯಾಸವೆಲ್ಲ ಒಳಗಿನ ಇಂಗಾಲದ ಸರಪಳಿಯ ಆಕಾರದಲ್ಲಿದೆ. ಕೊಬ್ಬರಿ ಎಣ್ಣೆಯಲ್ಲಿ ಅರ್ಧದಷ್ಟಿರುವ ಲಾರಿಕ್ ಆಮ್ಲದ್ದು ಹನ್ನೆರಡು ಇಂಗಾಲದ ನೆಟ್ಟನೆಯ ಸರಪಳಿ. ಅಂಥವು ಒಂದಕ್ಕೊಂದು ಒತ್ತಾಗಿ ಕೂರುತ್ತವೆ. ಹಾಗಾಗಿ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಎಣ್ಣೆ ಹೆಪ್ಪುಗಟ್ಟುತ್ತದೆ. ಹೊಂಗೆಯಲ್ಲಿ ಹೆಚ್ಚಾಗಿರುವ ಓಲಿಕ್ ಆಮ್ಲದ್ದು ಹದಿನೆಂಟು ಇಂಗಾಲದ ಸರಪಳಿ, ಇನ್ನೂ ಉದ್ದ. ಆದರೆ ನಡುವೆ ಒಂದು ದ್ವಿಬಂಧವಿದ್ದು, ಅಲ್ಲಿ ಸರಪಳಿ ಸೊಟ್ಟಗಾಗುತ್ತದೆ. ಸೊಟ್ಟಗಿರುವುದನ್ನು ಒತ್ತಾಗಿ ಜೋಡಿಸುವುದು ಕಷ್ಟ, ಅದಕ್ಕೇ ಅದು ಗಟ್ಟಿಯಾಗಲು ಒಪ್ಪುವುದಿಲ್ಲ.

ಕಟ್ಟುನಿಟ್ಟಾಗಿ ಹೇಳಿದರೆ ಇವೆರಡೂ ಹೈಡ್ರೋಕಾರ್ಬನ್‌ಗಳಲ್ಲ. ಇಂಗಾಲ ಮತ್ತು ಜಲಜನಕ ಎರಡೇ ಸೇರಿ ಆದದ್ದು ಹೈಡ್ರೋಕಾರ್ಬನ್. ಕಾಯಿ, ಬೀಜಗಳ ಎಣ್ಣೆಯಲ್ಲಿ ಆ ಸರಪಳಿಯ ತಲೆಯ ಕಡೆ ಆಮ್ಲಜನಕವೂ ಇರುತ್ತದೆ. ಉರಿಯುವ ಶಕ್ತಿಯೆಲ್ಲ ಇರುವುದು ಬಾಲದಲ್ಲಿ, ಆ ಬಾಲ ಮಾತ್ರ ಅಪ್ಪಟ ಇಂಗಾಲ–ಜಲಜನಕ. ಆಮ್ಲಜನಕದ ತಲೆಯಿಲ್ಲದ ಶುದ್ಧ ಸರಪಳಿಗಳಲ್ಲಿ ಲೆಕ್ಕ ಇನ್ನೂ ಸರಳ. ಇಂಗಾಲ ಒಂದರಿಂದ ನಾಲ್ಕಿದ್ದರೆ ಅನಿಲ, ಐದರಿಂದ ಹದಿನೇಳರವರೆಗೆ ದ್ರವ, ಅಲ್ಲಿಂದಾಚೆಗೆ ಮೇಣ. ಮಣ್ಣಿನಾಳದಿಂದ ತೆಗೆದ ಕಚ್ಚಾ ತೈಲದಲ್ಲಿ ಇವೆಲ್ಲ ಕಲಸಿಕೊಂಡಿರುತ್ತವೆ. ಕಾಯಿಸಿದಾಗ ಗಿಡ್ಡ ಸರಪಳಿಗಳು ಮೊದಲು ಆವಿಯಾಗುತ್ತವೆ, ಉದ್ದನೆಯವು ಆಮೇಲೆ. ಶುದ್ಧೀಕರಣ ಕಾರ್ಖಾನೆಯ ಗೋಪುರದಲ್ಲಿ ಮೊದಲಿಗೆ ನಡೆಯುವ ಕೆಲಸ ಇಷ್ಟೇ.

ಹಾಸನ ಜಿಲ್ಲೆಯ ಬೇಲೂರು, ಹಳೇಬೀಡು, ಅರಸೀಕೆರೆಯ ದೀಪ, ಒಲೆ, ಗಾಡಿಗಳ ಚರಿತ್ರೆಯನ್ನು ಈ ಸರಪಳಿಯ ಉದ್ದ ಹಿಡಿದು ಓದಬಹುದೆಂದು ನನ್ನ ಅನಿಸಿಕೆ. ಉರಿಸುವ ಸರಪಳಿ ಎಂಟುನೂರು ವರ್ಷ ಹೆಚ್ಚು ಬದಲಾಗಲಿಲ್ಲ. ಕಳೆದ ನೂರೈವತ್ತು ವರ್ಷಗಳಲ್ಲಿ ಮಾತ್ರ ಸರಸರನೆ ಕುಗ್ಗುತ್ತ ಬಂತು.

ಬೇಲೂರಿನ ಚೆನ್ನಕೇಶವ 1117ರಲ್ಲಿ ಪ್ರತಿಷ್ಠೆಯಾದಾಗ ಗರ್ಭಗುಡಿಯಲ್ಲಿ ಉರಿದದ್ದು ಗಾಣದ ಎಣ್ಣೆ. ಬಿ.ಎಲ್. ರೈಸ್ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಐದನೇ ಸಂಪುಟವಾಗಿ ಅಚ್ಚು ಹಾಕಿಸಿದರು. ನಂದಾದೀವಿಗೆಗೆಂದು ಎಣ್ಣೆ ಬಿಡುವುದು, ಗಾಣದೆರೆಯ ಆದಾಯವನ್ನು ದೇವರಿಗೆ ಕೊಡುವುದು ಹೊಯ್ಸಳರ ಕಾಲದ ದತ್ತಿಗಳಲ್ಲಿ ಮಾಮೂಲು ಸಂಗತಿ. ಎಳ್ಳು, ಹರಳು, ಹುಚ್ಚೆಳ್ಳು, ಹೊಂಗೆ, ಹಿಪ್ಪೆ, ಯಾವುದೇ ಆಗಲಿ, ಮೂರು ಸರಪಳಿಗಳು ಒಂದು ಗ್ಲಿಸರಿನ್‌ಗೆ ಕಟ್ಟಿಕೊಂಡ ದೊಡ್ಡ ಅಣು ಅದು. ಓಲಿಕ್ ಆಮ್ಲದ್ದೇ ಮೂರೂ ಸರಪಳಿಗಳಿದ್ದರೆ ಒಟ್ಟು 57 ಇಂಗಾಲ. ಇಷ್ಟು ದೊಡ್ಡ ಅಣುಗಳ ಎಣ್ಣೆ ಮಂದವಾಗಿರುತ್ತದೆ, ಬತ್ತಿಯಲ್ಲಿ ಒಂದೆರಡು ಅಂಗುಲಕ್ಕಿಂತ ಮೇಲೆ ಏರಲಾರದು. ಹಣತೆ ಆಳವಿಲ್ಲದೆ ಅಗಲವಾಗಿರುವುದೂ ಬತ್ತಿ ಎಣ್ಣೆಯಲ್ಲೇ ಮಲಗಿ ಅಂಚಿನಲ್ಲಿ ತಲೆಯೆತ್ತುವುದೂ ಅದಕ್ಕೇ. ನಮ್ಮ ಕಂಬದ ದೀಪಗಳ ವಿನ್ಯಾಸವನ್ನು ಶಿಲ್ಪಿಯಷ್ಟೇ ಎಣ್ಣೆಯೂ ನಿರ್ಧರಿಸಿದೆ.

ಸೀಮೆಎಣ್ಣೆ ಬಂದದ್ದೇ ದೀಪದ ಆಕಾರ ಬದಲಾಯಿತು. ಹತ್ತರಿಂದ ಹದಿನಾರು ಇಂಗಾಲದ ಈ ಸರಪಳಿಗಳು ತೆಳ್ಳಗೆ ಹರಿಯುತ್ತವೆ, ಬತ್ತಿಯಲ್ಲಿ ಗೇಣುದ್ದ ಏರುತ್ತವೆ. ಎಣ್ಣೆಯನ್ನು ಕೆಳಗಿನ ಬುಡ್ಡಿಯಲ್ಲಿ ಮುಚ್ಚಿಟ್ಟು ಬೆಂಕಿಯನ್ನು ಮೇಲೆ ದೂರದಲ್ಲಿ ಉರಿಸಬಹುದು. ಲಾಟೀನಿಗೆ ಗಾಜಿನ ಚಿಮಣಿ ಬಂತು. ಬಿಸಿ ಗಾಳಿ ಮೇಲೇರುವಾಗ ಕೆಳಗಿನಿಂದ ಹೊಸ ಗಾಳಿಯನ್ನು ಎಳೆದುಕೊಂಡು ಇಂಗಾಲ ಪೂರ್ತಿ ಸುಡುವಂತೆ ಮಾಡುವುದು ಅದರ ಕೆಲಸ. ಗಾಳಿ ಸಾಲದಿದ್ದರೆ ಸುಡದೆ ಉಳಿದ ಇಂಗಾಲವೇ ಮಸಿ. ಚಿಮಣಿಯಿಲ್ಲದ ಬುಡ್ಡಿಯ ಮುಂದೆ ಓದಿದವರ ಮೂಗಿನಲ್ಲಿ ಬೆಳಗ್ಗೆ ಕಾಣುತ್ತಿದ್ದದ್ದು ಅದೇ. ಮದುವೆ, ಜಾತ್ರೆ, ನಾಟಕಗಳಿಗೆ ಪೆಟ್ರೋಮ್ಯಾಕ್ಸ್ ಇತ್ತು. ಅದರಲ್ಲಿ ಬೆಳಕು ಕೊಡುತ್ತಿದ್ದುದು ಜ್ವಾಲೆಯಲ್ಲ, ಪಂಪ್ ಹೊಡೆದು ಆವಿ ಮಾಡಿದ ಸೀಮೆಎಣ್ಣೆಯ ಶಾಖಕ್ಕೆ ಬೆಳ್ಳಗೆ ಕಾದ ಥೋರಿಯಂ ಆಕ್ಸೈಡಿನ ಮ್ಯಾಂಟಲ್.

1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಡ್ವಿನ್ ಡ್ರೇಕ್ ತೈಲ ಬಾವಿ ಕೊರೆದ ಮೇಲೆ ಜಗತ್ತಿಗೆ ಬೇಕಾಗಿದ್ದದ್ದು ಸೀಮೆಎಣ್ಣೆಯೊಂದೇ. ಪೆಟ್ರೋಲ್ ಆಗ ಬೇಡದ ಸರಕು; ದೀಪದೆಣ್ಣೆಗೆ ಅದನ್ನು ಬೆರೆಸಿ ಮಾರಿ, ದೀಪಗಳು ಸಿಡಿದು ಜನ ಸತ್ತ ಪ್ರಕರಣಗಳೂ ಇದ್ದವು. ನಮ್ಮ ಕಡೆಗೆ ಸೀಮೆಎಣ್ಣೆ ತಗಡಿನ ಡಬ್ಬಗಳಲ್ಲಿ ಬಂತು. ಬೆಂಗಳೂರು–ಹರಿಹರದ ರೈಲು ಹಳಿ 1880ರ ದಶಕ ಮುಗಿಯುವ ಹೊತ್ತಿಗೆ ಅರಸೀಕೆರೆಯನ್ನು ಹಾದುಹೋಗಿತ್ತು, ಮೊದಲ ಮಹಾಯುದ್ಧದ ಕಾಲದಲ್ಲಿ ಮೈಸೂರಿನ ಹಳಿಯೂ ಸೇರಿಕೊಂಡು ಅದು ಜಂಕ್ಷನ್ ಆಯಿತು. ಬೇಲೂರು, ಹಳೇಬೀಡಿಗೆ ರೈಲೇ ಇರಲಿಲ್ಲ; ಗುಡಿ ನೋಡುವವರು ಬಾಣಾವರದಲ್ಲಿ ಇಳಿದು ಗಾಡಿ ಹಿಡಿಯುತ್ತಿದ್ದ ಕಾಲ ಅದು. ಖಾಲಿ ಡಬ್ಬವಂತೂ ಎಣ್ಣೆಗಿಂತ ಹೆಚ್ಚು ಬಾಳಿತು: ನೀರು ಸೇದಲು, ಕಾಳು ತುಂಬಲು, ಕತ್ತರಿಸಿ ಹೊದಿಸಿದರೆ ಚಾವಣಿಗೆ.

ರೈಲು ಓಡುತ್ತಿದ್ದುದು ಕಲ್ಲಿದ್ದಲಿನಲ್ಲಿ. ಅದು ಸರಪಳಿಯಲ್ಲ, ಉಂಗುರಗಳು ಹೆಣೆದುಕೊಂಡ ಬಲೆ. ಇಂಗಾಲ ಜಾಸ್ತಿ, ಜಲಜನಕ ಕಡಿಮೆ. ಮೋಟಾರು ಬಸ್ಸು ಬಂದಾಗ ಪೆಟ್ರೋಲ್ ಬಂತು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್‌ಗೆ ರೇಷನ್ ಆದಾಗ ಮೈಸೂರು ಸೀಮೆಯ ಬಸ್ಸುಗಳು ಹಿಂದೆ ಒಂದು ಉರುಳೆಯಾಕಾರದ ಒಲೆ ಕಟ್ಟಿಕೊಂಡು ಇದ್ದಿಲಿನಿಂದ ಓಡಿದವು. ಕೆಂಡದ ಮೂಲಕ ಗಾಳಿ ಹಾಯಿಸಿದರೆ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದನ್ನೇ ಎಂಜಿನ್ನಿಗೆ ಕುಡಿಸುತ್ತಿದ್ದರು. ಹೊರಡುವ ಮುಂಚೆ ಕ್ಲೀನರ್ ಬಹಳ ಹೊತ್ತು ತಿದಿ ತಿರುಗಿಸಬೇಕು, ಏರಿನಲ್ಲಿ ಪ್ರಯಾಣಿಕರು ಇಳಿದು ತಳ್ಳಬೇಕು. ಪೆಟ್ರೋಲ್ ತಪ್ಪಿದರೆ ಬಲ ಎಷ್ಟು ಇಳಿಯುತ್ತದೆಂದು ಆ ಪ್ರಯಾಣಿಕರಿಗೆ ಗೊತ್ತಿತ್ತು.

ಅಡುಗೆಮನೆ ಮಾತ್ರ ಬಹಳ ಕಾಲ ಸೌದೆಯಲ್ಲೇ ಉಳಿಯಿತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ಅಸ್ತ್ರ ವಿಭಾಗದಿಂದ ಹೊಗೆಕೊಳವೆಯ, ಮೂರು ಪಾತ್ರೆ ಕೂರುವ ಅಸ್ತ್ರ ಒಲೆ ಬಂತು. ಪಟ್ಟಣದ ಮನೆಗಳಲ್ಲಿ ಬತ್ತಿ ಸ್ಟವ್, ಪಂಪ್ ಸ್ಟವ್. ನ್ಯಾಯಬೆಲೆ ಅಂಗಡಿಯಲ್ಲಿ ಸೀಮೆಎಣ್ಣೆಗೆ ಸಾಲು. ರೇಷನ್ ಸೀಮೆಎಣ್ಣೆಗೆ ನೀಲಿ ಬಣ್ಣ ಹಾಕುತ್ತಿದ್ದದ್ದು ಅದನ್ನು ಡೀಸೆಲ್‌ಗೆ ಬೆರೆಸಿದರೆ ಗೊತ್ತಾಗಲೆಂದು. ಅವೆರಡರ ಸರಪಳಿಗಳ ಉದ್ದ ಒಂದರ ಮೇಲೊಂದು ಹಾಯುವುದರಿಂದ ಬೆರಕೆಗೆ ಎಂಜಿನ್ ತಕ್ಷಣ ತಕರಾರು ಮಾಡುವುದಿಲ್ಲ. ಸ್ವಾರಸ್ಯವೆಂದರೆ, ಎಲ್ಲಕ್ಕಿಂತ ಗಿಡ್ಡ ಸರಪಳಿ, ಅಂದರೆ ಒಂದೇ ಇಂಗಾಲದ ಮೀಥೇನ್, ಆಗಲೇ ಕೆಲವರ ಹಿತ್ತಲಿನಲ್ಲಿ ಗೋಬರ್ ಗ್ಯಾಸಾಗಿ ಉರಿಯುತ್ತಿತ್ತು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಅಸ್ತ್ರದವರು 1980ರ ದಶಕದಲ್ಲಿ ಸಗಣಿ ಅನಿಲದಿಂದ ದೀಪ ಹಚ್ಚಿ ನೀರೆತ್ತಿಸಿದರು. ಅದು ಊರೂರಿಗೆ ಹರಡಲಿಲ್ಲವೆಂಬುದು ನನಗಂತೂ ಬೇಸರದ ಸಂಗತಿ.

ಗೆದ್ದದ್ದು 14.2 ಕಿಲೋದ ಸಿಲಿಂಡರ್. ಅದರೊಳಗಿರುವುದು ಮೂರು ಇಂಗಾಲದ ಪ್ರೊಪೇನ್ ಮತ್ತು ನಾಲ್ಕು ಇಂಗಾಲದ ಬ್ಯುಟೇನ್. ಮಾಮೂಲಿ ಒತ್ತಡದಲ್ಲಿ ಪ್ರೊಪೇನ್ ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಕೆಳಗೆ, ಬ್ಯುಟೇನ್ ಹೆಚ್ಚುಕಮ್ಮಿ ಸೊನ್ನೆಯಲ್ಲಿ. ಒತ್ತಡ ಹಾಕಿದರೆ ಎರಡೂ ದ್ರವವಾಗುತ್ತವೆ, ರೆಗ್ಯುಲೇಟರ್ ತಿರುಗಿಸಿದರೆ ಮತ್ತೆ ಅನಿಲ. ಹಿಗ್ಗುವುದು ಸುಮಾರು 250 ಪಟ್ಟು. ಮದುವೆ ಅಡುಗೆಯ ದೊಡ್ಡ ಒಲೆಗೆ ಹಚ್ಚಿದ ಸಿಲಿಂಡರಿನ ಕೆಳಭಾಗ ಬೆವರುವುದನ್ನು ನೋಡಿರಬಹುದು. ಒಳಗೆ ದ್ರವ ಆವಿಯಾಗುವಾಗ ಸಿಲಿಂಡರಿನ ಮೈಯಿಂದಲೇ ಶಾಖ ಎಳೆದುಕೊಳ್ಳುತ್ತದೆ. ಈ ಅನಿಲಗಳಿಗೆ ಸ್ವಂತ ವಾಸನೆಯಿಲ್ಲ. ಮೂಗಿಗೆ ಹತ್ತುವುದು ಸೋರಿಕೆ ತಿಳಿಯಲೆಂದೇ ಬೆರೆಸಿದ ಗಂಧಕದ ಸಂಯುಕ್ತವಾದ ಮರ್ಕ್ಯಾಪ್ಟನ್. ಗಾಳಿಗಿಂತ ಭಾರವಾದ್ದರಿಂದ ಸೋರಿದ ಗ್ಯಾಸ್ ನೆಲದಲ್ಲೇ ಹರಡುತ್ತದೆ. 2013ರ ಏಪ್ರಿಲ್‌ನಲ್ಲಿ ದಕ್ಷಿಣ ಕನ್ನಡದ ಪೆರ್ನೆಯಲ್ಲಿ ಟ್ಯಾಂಕರ್ ಮಗುಚಿ ಅನಿಲ ಹೊತ್ತಿಕೊಂಡು ಹಲವರು ಸತ್ತದ್ದು ಘಾಟಿಯ ದಾರಿಯವರು ಮರೆಯುವಂಥದ್ದಲ್ಲ. ಆ ಟ್ಯಾಂಕರುಗಳ ಹೊರೆ ಇಳಿಸಲೆಂದೇ ಎಚ್‌ಪಿಸಿಎಲ್ ಕಂಪನಿ ಮಂಗಳೂರಿನಿಂದ ಹಾಸನ, ಮೈಸೂರಿನ ಮೂಲಕ ಸೋಲೂರಿಗೆ ಎಲ್‌ಪಿಜಿ ಕೊಳವೆ ಹಾಕಿತು.

ಅದಕ್ಕೂ ಮೊದಲೇ, 2003ರಲ್ಲಿ, ಪೆಟ್ರೋನೆಟ್ ಎಂಎಚ್‌ಬಿಯವರ ಮಂಗಳೂರು–ಹಾಸನ–ಬೆಂಗಳೂರು ಕೊಳವೆ ಶುರುವಾಗಿತ್ತು. ಉದ್ದ 360 ಕಿ.ಮೀ.ಗೆ ಮೇಲೆ. ಮಂಗಳೂರಿನಲ್ಲಿ 1996ರಿಂದ ನಡೆಯುತ್ತಿರುವ ಎಂಆರ್‌ಪಿಎಲ್ ಶುದ್ಧೀಕರಣ ಕಾರ್ಖಾನೆಯ ಸರಕು ಇದರಲ್ಲಿ ಬರುತ್ತದೆ; ಸಮುದ್ರಮಟ್ಟದಿಂದ ಪಶ್ಚಿಮ ಘಟ್ಟ ಹತ್ತಿಸಲು ಬೆಳ್ತಂಗಡಿ ತಾಲ್ಲೂಕಿನ ನೆರಿಯದಲ್ಲಿ ಮತ್ತೊಮ್ಮೆ ಪಂಪ್ ಮಾಡುತ್ತಾರೆ. ಈ ಬಗೆಯ ಮಾರ್ಗದಲ್ಲಿ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆಗಳಿಗೆಲ್ಲ ಕೊಳವೆ ಒಂದೇ. ಒಂದರ ಹಿಂದೆ ಒಂದನ್ನು ನೂಕುತ್ತಾರೆ, ನಡುವೆ ಅಡ್ಡಗೋಡೆಯಿಲ್ಲ. ಎರಡು ಸರಕು ಸಂಧಿಸುವ ಜಾಗದಲ್ಲಿ ಸ್ವಲ್ಪ ಬೆರೆತುಹೋಗುತ್ತದೆ. ನಿಲ್ದಾಣದಲ್ಲಿ ಕೂತವರು ಸಾಂದ್ರತೆಯ ಅಂಕಿ ನೋಡುತ್ತಿರುತ್ತಾರೆ. ಅದು ಏರಲು ಶುರುವಾಯಿತೆಂದರೆ ಪೆಟ್ರೋಲಿನ ಬಾಲ ಬಂತು, ಡೀಸೆಲಿನ ತಲೆ ಹಿಂದೆಯೇ ಇದೆ ಎಂದರ್ಥ. ಬೆರೆತ ಭಾಗವನ್ನು ಬೇರೆ ಟ್ಯಾಂಕಿಗೆ ತಿರುಗಿಸುತ್ತಾರೆ. ಬೇಲೂರಿಗೆ ಪ್ರವಾಸ ಹೋಗುವ ಕಾರಿಗೆ ಹಾಸನದಲ್ಲಿ ಪೆಟ್ರೋಲ್ ಹಾಕಿಸುವವರು ಈ ಕಾವಲನ್ನು ಕಾಣುವುದಿಲ್ಲ.

2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಕೊಳವೆಯಲ್ಲಿ ನೈಸರ್ಗಿಕ ಅನಿಲ, ಅಂದರೆ ಮತ್ತೆ ಮೀಥೇನ್, ಕರಾವಳಿಗೆ ಬಂದು ಮುಟ್ಟಿತು. 57ರಿಂದ 12ಕ್ಕೆ, 12ರಿಂದ 3ಕ್ಕೆ, 3ರಿಂದ 1ಕ್ಕೆ. ಸರಪಳಿ ಗಿಡ್ಡವಾದಷ್ಟೂ ಒಂದೊಂದು ಇಂಗಾಲದ ಪಾಲಿಗೆ ಬರುವ ಜಲಜನಕ ಹೆಚ್ಚು, ಹೊಗೆ ಕಡಿಮೆ. ಒಂದು ಮೆಗಾಜೂಲ್ ಶಾಖಕ್ಕೆ ಕಲ್ಲಿದ್ದಲು ಸುಮಾರು 95 ಗ್ರಾಂ ಇಂಗಾಲದ ಡೈಆಕ್ಸೈಡ್ ಉಗುಳಿದರೆ ಸೀಮೆಎಣ್ಣೆ 72, ಎಲ್‌ಪಿಜಿ 63, ಮೀಥೇನ್ 56.

ಈ ಓಟಕ್ಕೆ ಅಡ್ಡಲಾಗಿ ನಿಂತ ಒಂದು ಪ್ರಯತ್ನವೂ ಇದೇ ಜಿಲ್ಲೆಯದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ತೆರೆಯಿತು. ಬದುಗಳಲ್ಲಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಬೆಳೆಸಿ, ಬೀಜ ಆಯ್ದು, ಎಣ್ಣೆ ತೆಗೆದು ಡೀಸೆಲ್ ಮಾಡುವ ಯೋಜನೆ. ಎಣ್ಣೆಗೆ ಮೆಥನಾಲ್ ಮತ್ತು ಒಂದಿಷ್ಟು ಕ್ಷಾರ ಸೇರಿಸಿ ಬಿಸಿ ಮಾಡಿದರೆ ಮೂರು ಸರಪಳಿಗಳು ಗ್ಲಿಸರಿನ್‌ನಿಂದ ಬಿಡಿಸಿಕೊಳ್ಳುತ್ತವೆ. 57 ಇಂಗಾಲದ ಮಂದ ಎಣ್ಣೆ 19 ಇಂಗಾಲದ ತೆಳು ಇಂಧನವಾಗುತ್ತದೆ, ಗ್ಲಿಸರಿನ್ ತಳಕ್ಕೆ ಇಳಿಯುತ್ತದೆ. ರಸಾಯನವಿಜ್ಞಾನ ಅಚ್ಚುಕಟ್ಟು, ಆಯುವ ಕೂಲಿಯ ಲೆಕ್ಕ ಮಾತ್ರ ಅಷ್ಟು ಅಚ್ಚುಕಟ್ಟಲ್ಲ. ಹಾಗಿದ್ದರೂ ಹಿಂಡಿ ಗೊಬ್ಬರವಾಗುತ್ತದೆ, ಬದುವಿಗೆ ನೆರಳಾಗುತ್ತದೆ. ಡೀಸೆಲ್ ಒಂದನ್ನೇ ತೂಗಿ ಇದನ್ನು ಸೋಲೆನ್ನುವುದು ಸರಿಯಲ್ಲ.

ಅಪ್ಪಟ ಹೈಡ್ರೋಕಾರ್ಬನ್‌ಗಳನ್ನೇ ತಯಾರಿಸುವ ಗಿಡವೂ ಬೇಲೂರಿನ ಕಾಫಿ ತೋಟಗಳಲ್ಲಿದೆ: ಮೆಣಸಿನ ಬಳ್ಳಿ. ಕಾಳುಮೆಣಸು ಜಜ್ಜಿದಾಗ ಬರುವ ಘಮ ಪೈನೀನ್, ಲಿಮೊನೀನ್, ಕ್ಯಾರಿಯೊಫಿಲೀನ್‌ಗಳದ್ದು, ಮೂರೂ ಬರೀ ಇಂಗಾಲ–ಜಲಜನಕ. ನಾಲಗೆಗೆ ತಗಲುವ ಖಾರ ಬೇರೆ; ಪಿಪರಿನ್‌ನಲ್ಲಿ ಸಾರಜನಕ, ಆಮ್ಲಜನಕಗಳಿವೆ, ಅದು ಆವಿಯಾಗುವುದಿಲ್ಲ. ಹಾಗಾಗಿ ಹಳೆಯ ಮೆಣಸಿನ ಪುಡಿಯಲ್ಲಿ ಖಾರ ಉಳಿದಿರುತ್ತದೆ, ಘಮ ಹೋಗಿರುತ್ತದೆ.

ಉರಿಸುವ ಸರಪಳಿ ಕುಗ್ಗುತ್ತ ಬಂದರೆ, ಸುಡದೆ ಬಳಸುವ ಹೈಡ್ರೋಕಾರ್ಬನ್‌ಗಳ ಕಥೆ ಕೊನೆಗೆ ತದ್ವಿರುದ್ಧ. ಪಣಂಬೂರಿನ ಮಂಗಳೂರು ರಸಗೊಬ್ಬರ ಕಾರ್ಖಾನೆ 1976ರಿಂದ ದಶಕಗಳ ಕಾಲ ಯೂರಿಯಾ ಮಾಡಿದ್ದು ನಾಫ್ತಾದಿಂದ. ನಾಫ್ತಾದ ಸರಪಳಿ ಒಡೆದು ಜಲಜನಕ ತೆಗೆದು, ಗಾಳಿಯ ಸಾರಜನಕದೊಡನೆ ಕೂಡಿಸಿ ಅಮೋನಿಯಾ. ಉಳಿದ ಇಂಗಾಲವೂ ಯೂರಿಯಾದೊಳಗೇ ಸೇರುತ್ತದೆ. ಹಾಸನದ ಆಲೂಗಡ್ಡೆ ಹೊಲಕ್ಕೆ ಎರಚಿದ್ದು ಹೀಗೆ ಒಂದು ಪಾಲು ಪೆಟ್ರೋಲಿಯಮ್ಮೇ. ಗ್ಯಾಸ್ ವೆಲ್ಡಿಂಗಿನ ಅಸಿಟಿಲೀನ್, ಬಾಳೆಗೊನೆ ಹಣ್ಣಾಗಿಸುವ ಎಥಿಲೀನ್, ಎರಡರಲ್ಲೂ ಎರಡೆರಡೇ ಇಂಗಾಲ. ಹೊಗೆ ಹಾಕಿ ಗೊನೆ ಹಣ್ಣು ಮಾಡುತ್ತಿದ್ದ ಹಿರಿಯರು ಉಪಯೋಗಿಸಿಕೊಂಡದ್ದು ಹೊಗೆಯಲ್ಲಿದ್ದ ಎಥಿಲೀನನ್ನೇ.

ಆ ಎಥಿಲೀನನ್ನು ಸಾವಿರಾರು ಸಂಖ್ಯೆಯಲ್ಲಿ ಒಂದಕ್ಕೊಂದು ಪೋಣಿಸಿದರೆ ಪಾಲಿಥೀನ್. ಸರಪಳಿಗಳು ಎಷ್ಟು ಉದ್ದವೆಂದರೆ ಬಸಿದಿಟ್ಟ ಶಾವಿಗೆಯಂತೆ ಹೆಣೆದುಕೊಂಡು ಬಿಡಿಸಿಕೊಳ್ಳಲಾರವು. ಗಟ್ಟಿತನ ಬರುವುದು ಅದರಿಂದಲೇ. ಕಾಫಿ ಸಸಿಮಡಿಯ ಕಪ್ಪು ಕೊಟ್ಟೆ, ಅರಸೀಕೆರೆಯ ತೆಂಗಿನ ಬುಡಕ್ಕೆ ಹಾಸಿದ ಡ್ರಿಪ್ ಪೈಪು, ತರಕಾರಿ ಸಾಲಿನ ಮಲ್ಚಿಂಗ್ ಶೀಟು, ಎಲ್ಲವೂ ಇದೇ. ಗೊಬ್ಬರದ ಚೀಲ ಮೂರು ಇಂಗಾಲದ ಪ್ರೊಪಿಲೀನ್ ಪೋಣಿಸಿ ಮಾಡಿದ್ದು. ಮಂಗಳೂರಿನ ಎಂಆರ್‌ಪಿಎಲ್ ಕಾರ್ಖಾನೆಯಲ್ಲೇ ಈಗ ಪಾಲಿಪ್ರೊಪಿಲೀನ್ ಘಟಕವಿದೆ. ಉರಿಸುವ ಸರಪಳಿ ಒಂದಕ್ಕೆ ಇಳಿಯುತ್ತಿದ್ದ ದಶಕಗಳಲ್ಲೇ ಉರಿಸದ ಸರಪಳಿ ಸಾವಿರ ದಾಟಿತು. ಅಷ್ಟುದ್ದದ್ದನ್ನು ಜೀರ್ಣಿಸುವ ಸೂಕ್ಷ್ಮಜೀವಿ ನಮ್ಮ ಹೊಲಗಳಲ್ಲಿ ಇಲ್ಲವೆಂದೇ ಹೇಳಬೇಕು.

ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಹೊಲದ ಪ್ಲಾಸ್ಟಿಕ್ಕಿನ ಮಾತು ಅಷ್ಟಾಗಿ ಏಳಲಿಲ್ಲ. ಬೆಂಗಳೂರಿನಲ್ಲಿ ಈ ಶತಮಾನದ ಆರಂಭದಲ್ಲೇ ತ್ಯಾಜ್ಯ ಪ್ಲಾಸ್ಟಿಕ್ಕನ್ನು ಡಾಂಬರಿಗೆ ಬೆರೆಸಿ ರಸ್ತೆ ಹಾಕಿ ತೋರಿಸಿದರು. ಡಾಂಬರೂ ಕಚ್ಚಾ ತೈಲದ ತಳದ ಭಾರಿ ಅಣುಗಳೇ ಆದ್ದರಿಂದ ಎರಡೂ ಸಲೀಸಾಗಿ ಬೆರೆಯುತ್ತವೆ. ಆದರೆ ಅದಕ್ಕೆ ಬೇಕಾದದ್ದು ಒಣಗಿದ, ಮಣ್ಣಿಲ್ಲದ ಪ್ಲಾಸ್ಟಿಕ್. ಗುಜರಿಯವರು ದಪ್ಪನೆಯ ಡ್ರಿಪ್ ಪೈಪನ್ನು ತೂಕಕ್ಕೆ ಕೊಳ್ಳುತ್ತಾರೆ. ಬಿಸಿಲಿಗೆ ಪುಡಿಯಾಗಿ ಮಣ್ಣು ಹಿಡಿದ ಮಲ್ಚಿಂಗ್ ಶೀಟನ್ನು ಮುಟ್ಟುವುದಿಲ್ಲ. ಅದು ಬದುವಿನ ಮೂಲೆಗೆ ಬಂದು ಬೀಳುತ್ತದೆ, ಇಲ್ಲವೇ ಬೆಂಕಿಗೆ. ತಗ್ಗು ಶಾಖದಲ್ಲಿ, ಗಾಳಿ ಸಾಲದೆ ಸುಟ್ಟರೆ ಪಾಲಿಥೀನ್ ಅರೆಬರೆ ಒಡೆದು ಮಸಿಯನ್ನೂ ಕಣ್ಣುರಿಸುವ ಹೊಗೆಯನ್ನೂ ಕೊಡುತ್ತದೆ.