ಬಿ.ಎಂ. ರಸ್ತೆ: ಸಕಲೇಶಪುರದ ಅಂಗಡಿ ಬೀದಿ

ಬೆಂಗಳೂರು–ಮಂಗಳೂರು ಹೆದ್ದಾರಿ ಊರೊಳಗೆ ಹಾಯುವ ದಾರಿಯೇ ಬಿ.ಎಂ. ರಸ್ತೆ. ಶಿರಾಡಿ ಘಾಟಿ ಇಳಿಯುವವರಿಗೂ ಹತ್ತಿ ಬಂದವರಿಗೂ ಹೇಮಾವತಿ ದಡದ ಈ ಪೇಟೆ ತಂಗುದಾಣ. ಕಾಫಿ, ಏಲಕ್ಕಿ, ಕಾಳುಮೆಣಸು ಇದರ ಜೀವಾಳ.

ಕಾಫಿ ಮಂಡಳಿಯ ಪೂಲ್ ಪದ್ಧತಿಯಿದ್ದಾಗ ಬೆಳೆಗಾರರು ಫಸಲನ್ನು ಮಂಡಳಿಗೇ ಒಪ್ಪಿಸಬೇಕಿತ್ತು. 1990ರ ದಶಕದಲ್ಲಿ ಮಾರುಕಟ್ಟೆ ಮುಕ್ತವಾದ ಮೇಲೆ ಖಾಸಗಿ ಖರೀದಿ ಬೆಳೆಯಿತು. ವ್ಯಾಪಾರಿ ಗೋಣಿಚೀಲದಿಂದ ಹಿಡಿ ಕಾಫಿ ತೆಗೆದು ತೇವಾಂಶ ನೋಡುತ್ತಾನೆ. 50 ಕಿಲೋ ಚೀಲಕ್ಕೆ ಎಷ್ಟು ಬೀಜ ಇಳಿಯುತ್ತದೆಂದು ‘ಔಟ್‌ಟರ್ನ್’ ಲೆಕ್ಕ ಹಾಕಿ ದರ ಹೇಳುತ್ತಾನೆ.

ಪಕ್ಕದಲ್ಲೇ ಹುರಿದ ಕಾಫಿಪುಡಿಯ ಘಮ, ಜೇನುತುಪ್ಪದ ಬಾಟಲಿಗಳ ಸಾಲು, ಮಳೆಗಾಲಕ್ಕೆ ಕಂಬಳಿ, ಕೊಡೆ. ತೋಟದ ದುಡಿಮೆ ಹಣವಾಗುವುದು ಈ ಬೀದಿಯಲ್ಲಿ. ನಿಧಾನವಾಗಿ ನಡೆದು ನೋಡಿ.