ಬೊಮ್ಮನಹಳ್ಳಿಯಿಂದ ಬಂದರಿಗೆ: ಹೊಸೂರು ರಸ್ತೆಯ ಸರಕು ಸಾಗಣೆಯ ಚರಿತ್ರೆ

ಊರಿನ ಚರಿತ್ರೆ ಎಂದೊಡನೆ ನಾವು ಗುಡಿ, ಕೆರೆ, ಶಾಸನಗಳನ್ನು ನೆನೆಯುತ್ತೇವೆ. ನಮ್ಮ ಬೇಗೂರು ಸೀಮೆಗೆ ಅಂಥ ಹೆಮ್ಮೆಗೇನೂ ಕೊರತೆಯಿಲ್ಲ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ದೊರೆತ ಸುಮಾರು ಕ್ರಿ.ಶ. 890ರ ವೀರಗಲ್ಲು ‘ಬೆಂಗಳೂರು ಕಾಳಗ’ದ ಪ್ರಸ್ತಾಪ ಮಾಡುತ್ತದೆ. ರಾಜಧಾನಿಯ ಹೆಸರು ಕಲ್ಲಿನ ಮೇಲೆ ಮೊದಲು ಕಾಣಸಿಗುವುದು ನಮ್ಮ ನೆರೆಯಲ್ಲೇ. ಆದರೆ ಬೊಮ್ಮನಹಳ್ಳಿಯ ಇಂದಿನ ರೂಪಕ್ಕೆ ಕಾರಣವಾದದ್ದು ಕಾಳಗವಲ್ಲ, ರಸ್ತೆ. ಹೊಲ, ತೋಪುಗಳ ನಡುವಿನ ಹಳ್ಳಿ ನಗರಸಭೆಯಾಗಿ, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿಹೋದದ್ದರ ಹಿಂದೆ ಹೊಸೂರು ರಸ್ತೆಯಿದೆ. ಆ ರಸ್ತೆಯಲ್ಲಿ ಹಗಲಿರುಳೂ ಹರಿದ ಲಾರಿಗಳಿವೆ. ಶಾಲೆಯ ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಆ ಲಾರಿಗಳ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಸಮುದ್ರವಿಲ್ಲದ ನಗರ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಹಡಗು ಬರುವ ಹೊಳೆಯಿಲ್ಲ. ಹೊರದೇಶಕ್ಕೆ ಏನು ಕಳಿಸಬೇಕಾದರೂ ಘಟ್ಟ ಇಳಿಸಲೇಬೇಕು. ಹಿಂದೆ ಆ ಕೆಲಸ ಮಾಡಿದ್ದು ಹೇರೆತ್ತು ಮತ್ತು ಬಂಡಿ. 1800ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕನನ್ ಎತ್ತುಗಳ ಮೇಲೆ ಸರಕು ಹೇರಿ ಸಾಗುವ ವ್ಯಾಪಾರವನ್ನು ಕಂಡು ಬರೆದಿಟ್ಟಿದ್ದಾನೆ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡು ಪ್ರದೇಶಕ್ಕೆ ರೈಲು ಬಂದ ಮೇಲೆ ದೂರದ ಸರಕು ರೈಲನ್ನು ಹತ್ತಿತು.

ಆಗ ಮದ್ರಾಸಿನಲ್ಲಿ ಸರಿಯಾದ ಬಂದರು ಇರಲಿಲ್ಲ. ಹಡಗು ದೂರದಲ್ಲಿ ನಿಲ್ಲುತ್ತಿತ್ತು. ದೋಣಿಗಳಲ್ಲಿ ಅಲೆ ದಾಟಿಸಿ ಸರಕನ್ನು ದಡಕ್ಕೆ ತರುತ್ತಿದ್ದರು. 1875ರಲ್ಲಿ ಅಡಿಗಲ್ಲು ಹಾಕಿ ಕಟ್ಟಿದ ಕೃತಕ ಬಂದರು 1881ರ ಚಂಡಮಾರುತಕ್ಕೆ ಸಿಕ್ಕಿ ಹಾಳಾಯಿತು. ಅದನ್ನು ಮತ್ತೆ ಕಟ್ಟಬೇಕಾಯಿತು. ನಮ್ಮ ಹೊಸೂರು ರಸ್ತೆಯ ಲಾರಿಗಳು ಇಂದಿಗೂ ಮುಖ ಮಾಡಿ ಹೋಗುವುದು ಆ ಬಂದರಿಗೇ.

ಲಾರಿಯ ಕಾಲ

ಸ್ವಾತಂತ್ರ್ಯದ ನಂತರ ಲಾರಿ ನಮ್ಮ ದೇಶದಲ್ಲೇ ತಯಾರಾಗತೊಡಗಿತು. 1954ರಲ್ಲಿ ಟಾಟಾ ಸಂಸ್ಥೆ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡಿತು. ಮದ್ರಾಸಿನ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಬೆಂಗಳೂರಿನಲ್ಲಿ ಕಲಾಸಿಪಾಳ್ಯ ಮತ್ತು ತರಗುಪೇಟೆಯ ಸುತ್ತ ಲಾರಿ ಆಫೀಸುಗಳು ಬೆಳೆದವು. ರೈಲಿಗೆ ಸರಕು ಹಾಕಬೇಕಾದರೆ ಗೋದಾಮಿನಿಂದ ಸ್ಟೇಷನ್ನಿಗೆ ಒಮ್ಮೆ, ಸ್ಟೇಷನ್ನಿನಿಂದ ಬಂದರಿಗೆ ಇನ್ನೊಮ್ಮೆ ಏರಿಸಿ ಇಳಿಸಬೇಕು. ಲಾರಿಯಾದರೆ ಬಾಗಿಲಲ್ಲೇ ಲೋಡು, ಬಾಗಿಲಲ್ಲೇ ಇಳಿಕೆ. ಲಾರಿ ಗೆದ್ದದ್ದು ಇದರಿಂದ.

ಹೊಸೂರು, ಕೃಷ್ಣಗಿರಿ, ವೆಲ್ಲೂರು, ರಾಣಿಪೇಟೆಯ ಮೇಲೆ ಚೆನ್ನೈಗೆ ಸುಮಾರು 350 ಕಿಲೋಮೀಟರ್. ಕೃಷ್ಣಗಿರಿಯವರೆಗಿನ ರಸ್ತೆ ಹಳೆಯ ರಾಷ್ಟ್ರೀಯ ಹೆದ್ದಾರಿ 7, ಈಗಿನ 44. ಹಮಾಲಿಗಳು ಮೂಟೆ ಹೊತ್ತು ತುಂಬಿಸಿ, ಮೇಲೆ ಟಾರ್ಪಾಲು ಹೊದಿಸಿ, ಹಗ್ಗ ಬಿಗಿದರೆ ಚಾಲಕ ಮತ್ತು ಕ್ಲೀನರ್ ಹೊರಡುತ್ತಿದ್ದರು. ಮಳೆ ಬಂದರೆ ಸರಕು ನೆನೆಯದಂತೆ ನೋಡಿಕೊಳ್ಳುವ ಹೊಣೆ ಅವರಿಬ್ಬರದೇ.

ಕಬ್ಬಿಣದ ಪೆಟ್ಟಿಗೆ ಬಂದದ್ದು

ಈ ಹಗ್ಗ-ಟಾರ್ಪಾಲಿನ ಲೋಕವನ್ನು ಬದಲಿಸಿದ್ದು ಕಂಟೇನರ್. ಅದನ್ನು ಬಳಕೆಗೆ ತಂದವನು ಹಡಗಿನವನಲ್ಲ, ಲಾರಿಯವನು. ಅಮೆರಿಕದ ಲಾರಿ ಮಾಲೀಕ ಮಾಲ್ಕಂ ಮೆಕ್ಲೀನ್ ಬಂದರಿನಲ್ಲಿ ಸರಕು ಬಿಡಿಬಿಡಿಯಾಗಿ ಇಳಿಸುವ ಬದಲು ಪೆಟ್ಟಿಗೆಯನ್ನೇ ಎತ್ತಿ ಹಡಗಿಗೆ ಇಡುವ ವ್ಯವಸ್ಥೆ ಮಾಡಿದ. 1956ರ ಏಪ್ರಿಲ್‌ನಲ್ಲಿ ಅವನ ‘ಐಡಿಯಲ್ ಎಕ್ಸ್’ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ನ್ಯೂಜೆರ್ಸಿಯಿಂದ ಟೆಕ್ಸಾಸಿಗೆ ಹೋಯಿತು. ಮುಂದೆ 20 ಅಡಿ ಮತ್ತು 40 ಅಡಿಯ ಪೆಟ್ಟಿಗೆ ಜಗತ್ತಿಗೆಲ್ಲ ಒಂದೇ ಅಳತೆಯಾಯಿತು.

ಈ ವಿಷಯದಲ್ಲಿ ಬೆಂಗಳೂರು ಹಿಂದೆ ಬೀಳಲಿಲ್ಲ ಎಂಬುದು ಗಮನಿಸತಕ್ಕದ್ದು. ಭಾರತದ ಮೊದಲ ಒಳನಾಡು ಕಂಟೇನರ್ ಡಿಪೋ 1981ರಲ್ಲಿ ಆರಂಭವಾದದ್ದು ನಮ್ಮ ನಗರದಲ್ಲೇ. ಸಮುದ್ರವಿಲ್ಲದ ಊರಿಗೆ ಸುಂಕದ ಕಟ್ಟೆ ಬಂತು. ಕಾಗದಪತ್ರ, ತಪಾಸಣೆಗಳನ್ನು ಇಲ್ಲೇ ಮುಗಿಸುವುದು ಸಾಧ್ಯವಾಯಿತು. 1983ರಲ್ಲಿ ಮದ್ರಾಸು ಬಂದರಿನಲ್ಲಿ ಪ್ರತ್ಯೇಕ ಕಂಟೇನರ್ ಟರ್ಮಿನಲ್ ತೆರೆಯಿತು. 1988ರಲ್ಲಿ ಸ್ಥಾಪನೆಯಾದ ಭಾರತೀಯ ಕಂಟೇನರ್ ನಿಗಮದ ದೊಡ್ಡ ಡಿಪೋ ಈಗ ವೈಟ್‌ಫೀಲ್ಡಿನಲ್ಲಿದ್ದು, ಅಲ್ಲಿಂದ ಬಂದರಿಗೆ ರೈಲಿನಲ್ಲೂ ಪೆಟ್ಟಿಗೆಗಳು ಹೋಗುತ್ತವೆ.

ಮಂಗಳೂರು ಏಕಲ್ಲ?

ನಮ್ಮ ರಾಜ್ಯಕ್ಕೇ ಬಂದರಿರುವಾಗ ಸರಕು ಚೆನ್ನೈಗೇಕೆ ಹೋಗಬೇಕೆಂದು ಮಕ್ಕಳು ಕೇಳುವುದುಂಟು. ಒಳ್ಳೆಯ ಪ್ರಶ್ನೆ. ನವಮಂಗಳೂರು ಬಂದರು 1974ರಲ್ಲಿ ಆರಂಭವಾಯಿತು. ದೂರವೂ ಹೆಚ್ಚುಕಡಿಮೆ ಅಷ್ಟೇ, 350 ಕಿಲೋಮೀಟರ್. ಆದರೆ ನಡುವೆ ಶಿರಾಡಿ ಘಾಟಿಯಿದೆ. ಮಳೆಗಾಲದಲ್ಲಿ ಗುಡ್ಡ ಕುಸಿಯುತ್ತದೆ. 40 ಅಡಿಯ ಟ್ರೈಲರಿಗೆ ಆ ತಿರುವುಗಳು ಕಷ್ಟ. ಹಾಸನ–ಮಂಗಳೂರು ರೈಲು ಮಾರ್ಗ 1979ರಲ್ಲಿ ತೆರೆದರೂ, ಹಳಿ ಅಗಲಿಸುವ ಕೆಲಸಕ್ಕಾಗಿ 1996ರಲ್ಲಿ ಮುಚ್ಚಿ, ಸರಕು ಗಾಡಿಗಳು ಮತ್ತೆ ಓಡಿದ್ದು 2006ರಲ್ಲಿ. ಬೆಂಗಳೂರಿನ ರಫ್ತು ಬೆಳೆಯುತ್ತಿದ್ದ ಕಾಲವೂ ಅದೇ.

ಇನ್ನೊಂದು ಕಾರಣವಿದೆ. ಸರಕು ಹೆಚ್ಚಿರುವ ಬಂದರಿಗೆ ಹಡಗು ಹೆಚ್ಚು ಬರುತ್ತದೆ. ಹಡಗು ಹೆಚ್ಚು ಬರುವ ಬಂದರಿಗೆ ಸರಕೂ ಹೆಚ್ಚು ಹೋಗುತ್ತದೆ. ಮಂಗಳೂರು ಅದಿರು, ಕಚ್ಚಾತೈಲ, ಕಲ್ಲಿದ್ದಲು, ಕಾಫಿಗೆ ಹೆಸರಾಯಿತು. ಬೆಂಗಳೂರಿನ ಪೆಟ್ಟಿಗೆಗಳ ಬಹುಪಾಲು ಮೂಡಣ ದಾರಿ ಹಿಡಿಯಿತು.

ರಸ್ತೆಯ ಎರಡೂ ಬದಿ

ರಸ್ತೆ ಇದ್ದಲ್ಲಿಗೆ ಕಾರ್ಖಾನೆ ಬಂತು. 1970ರ ದಶಕದ ಕೊನೆಯಲ್ಲಿ ರಾಮಕೃಷ್ಣ ಬಾಳಿಗರ ಮುಂದಾಳತ್ವದಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಿತು. ಬೊಮ್ಮಸಂದ್ರ, ಜಿಗಣಿಗಳಲ್ಲಿ ಯಂತ್ರದ ಬಿಡಿಭಾಗ, ಔಷಧ, ಹೊಳಪು ಕೊಟ್ಟ ಗ್ರಾನೈಟ್ ತಯಾರಾದವು. ನಮ್ಮ ಬೊಮ್ಮನಹಳ್ಳಿಗೆ ಬಂದದ್ದು ಮುಖ್ಯವಾಗಿ ಸಿದ್ಧ ಉಡುಪಿನ ಕಾರ್ಖಾನೆಗಳು, ನಾವೆಲ್ಲ ಕರೆಯುವಂತೆ ‘ಗಾರ್ಮೆಂಟ್ಸ್’. 2005ರ ಜನವರಿಯಿಂದ ವಿದೇಶಗಳು ಜವಳಿ ಆಮದಿಗೆ ಹಾಕಿದ್ದ ಕೋಟಾ ತೆಗೆದುಹಾಕಿದವು. ಪೈಪೋಟಿಯೂ ಆರ್ಡರುಗಳೂ ಬೆಳೆದವು.

ಗಾರ್ಮೆಂಟ್ಸಿನ ಕೆಲಸಕ್ಕೂ ಹಡಗಿನ ಗಡಿಯಾರಕ್ಕೂ ನೇರ ಸಂಬಂಧವಿದೆ. ಇಂಥ ದಿನ ಇಂಥ ಗಂಟೆಯೊಳಗೆ ಪೆಟ್ಟಿಗೆ ಬಂದರಿನ ಗೇಟು ದಾಟಬೇಕೆಂದು ಹಡಗಿನವರು ಗೊತ್ತುಮಾಡುತ್ತಾರೆ. ತಪ್ಪಿದರೆ ಮುಂದಿನ ಹಡಗಿಗೆ ಕಾಯಬೇಕು, ಇಲ್ಲವೇ ಅನೇಕ ಪಟ್ಟು ಖರ್ಚು ಮಾಡಿ ವಿಮಾನದಲ್ಲಿ ಕಳಿಸಬೇಕು. ಹೀಗಾಗಿ ಚೆನ್ನೈಯ ಗಂಟೆ ಬೊಮ್ಮನಹಳ್ಳಿಯ ಹೊಲಿಗೆ ಯಂತ್ರದ ಮುಂದೆ ‘ಓಟಿ’ಯಾಗಿ ಬಂದು ಕೂರುತ್ತದೆ. ಲೋಡು ತುಂಬಿ, ಬಾಗಿಲು ಮುಚ್ಚಿ, ಸೀಲು ಹಾಕಿದ ಮೇಲೆ ಅವಸರ ಚಾಲಕನ ಪಾಲಿಗೆ ಬರುತ್ತದೆ. ಆದರೆ ಅವಸರದಲ್ಲಿ ಓಡಿದವನು ಬಂದರಿನ ಬಳಿ ತಿರುವೊಟ್ಟಿಯೂರು, ಎಣ್ಣೂರು ರಸ್ತೆಯಲ್ಲಿ ಕಿಲೋಮೀಟರುಗಟ್ಟಲೆ ಸಾಲಿನಲ್ಲಿ ನಿಂತದ್ದೂ ಇದೆ. ಅಲ್ಲಿ ಲಾರಿಯ ಕೆಳಗೇ ಅಡುಗೆ, ಕ್ಯಾಬಿನ್ನಿನಲ್ಲೇ ನಿದ್ದೆ.

ರಸ್ತೆ ನಿಂತ ದಿನಗಳು

ಓಡುವ ರಸ್ತೆ ಎಷ್ಟು ಮುಖ್ಯ ಎಂಬುದು ಅದು ನಿಂತಾಗ ತಿಳಿಯುತ್ತದೆ. ಹಿಂದೆ ಅತ್ತಿಬೆಲೆ ಚೆಕ್‌ಪೋಸ್ಟಿನಲ್ಲಿ ಕಾಗದ ಹಿಡಿದು ನಿಲ್ಲುವುದು ದಿನನಿತ್ಯದ ಕೆಲಸವಾಗಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದ ಮೇಲೆ ಆ ಸಾಲು ಕರಗಿತು. ಕಾವೇರಿ ವಿವಾದದ ಕಾಲದಲ್ಲಿ ನಿಂತದ್ದು ಬೇರೆಯೇ ರೀತಿ. 1991ರ ಡಿಸೆಂಬರಿನಲ್ಲಿ, ಮತ್ತೆ 2016ರ ಸೆಪ್ಟೆಂಬರ್ 12ರಂದು ಗಲಭೆ ನಡೆದಾಗ ನಂಬರ್ ಪ್ಲೇಟಿನ ಎರಡು ಅಕ್ಷರವೇ ಅಪಾಯವಾಯಿತು. ನಾಮಕ್ಕಲ್ಲಿನ ಚಾಲಕ ಇಲ್ಲಿ ಹೆದರಿದ, ನಮ್ಮವನು ಅಲ್ಲಿ ಹೆದರಿದ. ನೀರಿನ ಹಕ್ಕಿನ ಮಾತು ನ್ಯಾಯಾಲಯದಲ್ಲಿ ನಡೆಯಲಿ. ಬಾಡಿಗೆಗೆ ಲಾರಿ ಓಡಿಸುವ ಬಡವ ಎರಡೂ ಕಡೆ ಒಬ್ಬನೇ ಎಂಬುದನ್ನು ನಮ್ಮ ಮಕ್ಕಳು ಮರೆಯಬಾರದು.

ಅದೇ ವರ್ಷದ ಏಪ್ರಿಲ್ 18ರ ಸೋಮವಾರ ಈ ರಸ್ತೆಯನ್ನು ನಿಲ್ಲಿಸಿದವರು ನಮ್ಮೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಭವಿಷ್ಯ ನಿಧಿಗೆ ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಫೆಬ್ರುವರಿಯಲ್ಲಿ ನಿಯಮ ತಂದಿತ್ತು. ಕೆಲಸ ಬಿಟ್ಟಾಗ ಕೈಗೆ ಬರುವ ಆ ಹಣವೇ ಮಗಳ ಮದುವೆ, ಮಗನ ಫೀಸು, ಸಾಲದ ತೀರುವಳಿ. ಯಾವ ದೊಡ್ಡ ನಾಯಕರ ಕರೆಯೂ ಇಲ್ಲದೆ ಸಾವಿರಾರು ಮಂದಿ ಬೊಮ್ಮನಹಳ್ಳಿಯಲ್ಲಿ ಹೆದ್ದಾರಿಗಿಳಿದರು. ಮರುದಿನ ಪ್ರತಿಭಟನೆ ನಗರದ ಇತರ ಕಡೆಗೂ ಹಬ್ಬಿತು. ಲಾಠಿಯೇಟು, ಕಲ್ಲುತೂರಾಟ, ಹೆಬ್ಬಗೋಡಿಯಲ್ಲಿ ಬೆಂಕಿ, ಎಲ್ಲವೂ ಆಯಿತು. ಹಿಂಸೆಯನ್ನು ಯಾರೂ ಒಪ್ಪುವುದಿಲ್ಲ. ಆದರೆ 19ರ ಸಂಜೆಗೆ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ದೇಶದ ಕೋಟ್ಯಂತರ ಕಾರ್ಮಿಕರಿಗೆ ಅದರಿಂದ ಉಪಕಾರವಾಯಿತು. ನಮ್ಮ ಶಾಲೆಯ ಎಷ್ಟೋ ಮಕ್ಕಳ ತಾಯಂದಿರು ಇಂಥ ಕಾರ್ಖಾನೆಗಳಲ್ಲೇ ದುಡಿದವರು. ಬೇಗೂರಿನ ವೀರಗಲ್ಲನ್ನು ಪಾಠ ಮಾಡುವಾಗ ಈ ಎರಡು ದಿನಗಳನ್ನೂ ಪಾಠ ಮಾಡಬೇಕು.

ಮುಂದಿನ ದಾರಿ

2010ರ ಜನವರಿಯಲ್ಲಿ ಸಿಲ್ಕ್ ಬೋರ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಸುಮಾರು 10 ಕಿಲೋಮೀಟರಿನ ಮೇಲುರಸ್ತೆ ತೆರೆಯಿತು. 2025ರ ಆಗಸ್ಟ್ 10ರಂದು ಹಳದಿ ಮಾರ್ಗದ ಮೆಟ್ರೊ ಬಂತು. ಹೊಸಕೋಟೆಯಿಂದ ಶ್ರೀಪೆರಂಬದೂರಿಗೆ ಸುಮಾರು 260 ಕಿಲೋಮೀಟರಿನ ಹೊಸ ಎಕ್ಸ್‌ಪ್ರೆಸ್‌ವೇ ಆಗುತ್ತಿದೆ. ಅದು ಪೂರ್ತಿಯಾದರೆ ಬಂದರಿನ ಪೆಟ್ಟಿಗೆಗಳಲ್ಲಿ ಹಲವು ನಮ್ಮೂರಿನ ಕಡೆ ತಲೆ ಹಾಕದೆ ಹೋಗಬಹುದು. ಧೂಳು, ಹೊಗೆ, ಅಪಘಾತ ಕಡಿಮೆಯಾದರೆ ಸಂತೋಷವೇ. ಜೊತೆಗೆ ಪಂಕ್ಚರ್ ಅಂಗಡಿ, ಮೆಸ್ಸು, ಗ್ಯಾರೇಜುಗಳ ಬದುಕೂ ಬೇರೆಡೆಗೆ ಸರಿಯುತ್ತದೆ.

ಲಾರಿ ಹೋದ ಮೇಲೆ ಅದರ ನೆನಪೂ ಹೋಗಬಾರದು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಸ್ಟಿಯರಿಂಗ್ ಹಿಡಿದವರು, ಲಾರಿ ಆಫೀಸಿನಲ್ಲಿ ಲೆಕ್ಕ ಬರೆದವರು, ಪ್ಯಾಕಿಂಗ್ ಸೆಕ್ಷನ್ನಿನಲ್ಲಿ ರಟ್ಟಿನ ಡಬ್ಬಗಳನ್ನು ಎಣಿಸಿದವರು ಇದ್ದೀರಿ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಹಳೆಯ ಎಲ್.ಆರ್. ರಸೀದಿ, ಪರ್ಮಿಟ್ಟು, ಲಾರಿಯ ಮುಂದೆ ನಿಂತು ತೆಗೆಸಿದ ಫೋಟೊ ಇದ್ದರೆ ಅದರ ಒಂದು ಪ್ರತಿಯನ್ನು ಶಾಲೆಗೆ ಕೊಡಿ. ಒಂದು ಮಧ್ಯಾಹ್ನ ಬಂದು ಮಕ್ಕಳೊಂದಿಗೆ ಕುಳಿತು ಮಾತನಾಡಿ. ಅವರು ಬರೆದುಕೊಳ್ಳಲಿ. ಮುಂದಿನ ಸಂಪುಟಕ್ಕೆ ಈ ಊರಿನ ಚರಿತ್ರೆ ಬರೆಯುವವರಿಗೆ ಅದೇ ಆಧಾರವಾಗುತ್ತದೆ.